ಹಳೆಯ ಹೈಬ್ರಿಡ್ ಸೆಡಾನ್ ಕೊಳ್ಳುವ ಮುನ್ನ ನಿಮ್ಮ ಬ್ರೇಕಿನ ಲೆಕ್ಕ ಹಾಕಿ

ಎರಡು ತಿಂಗಳಲ್ಲಿ ಮೂರು ಊರುಗಳಿಂದ ಒಂದೇ ಪ್ರಶ್ನೆ ಬಂದಿದೆ. ಧಾರವಾಡದ ಕಲ್ಯಾಣನಗರದ ದಂಪತಿ ದಿನವೂ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋಗಿಬರುತ್ತಾರೆ. ಗದಗಿನ ಬಟ್ಟೆ ವ್ಯಾಪಾರಿಯೊಬ್ಬರು ವಾರಕ್ಕೆ ಮೂರು ಸಲ ಹುಬ್ಬಳ್ಳಿಯ ಸಗಟು ಅಂಗಡಿಗಳಿಗೆ ಬರುತ್ತಾರೆ. ಹಾವೇರಿಯ ನಿವೃತ್ತ ಮೇಷ್ಟ್ರು ತಿಂಗಳಿಗೆ ನಾನೂರು ಕಿಲೋಮೀಟರ್ ಓಡಿಸಿದರೆ ಹೆಚ್ಚು. ಅವರಿಗೆ ಬೆಂಗಳೂರಿನ ಪರಿಚಯಸ್ಥರೊಬ್ಬರು 2008ರ ಬೆಳ್ಳಿ ಬಣ್ಣದ ಹೋಂಡಾ ಸಿವಿಕ್ ಹೈಬ್ರಿಡ್ ತೋರಿಸಿ ಆಸೆ ಹುಟ್ಟಿಸಿದ್ದಾರೆ. ಮೂವರೂ ಕೇಳುವುದು ಒಂದೇ: ಹಳೆಯ ಹೈಬ್ರಿಡ್ ಸೆಡಾನ್ ನಿಜವಾಗಿಯೂ ಮೈಲೇಜು ಕೊಡುತ್ತದೆಯೇ?

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೂವರಲ್ಲಿ ಇಬ್ಬರಿಗಾದರೂ ಮೋಸ ಮಾಡಿದಂತೆ. ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ದುಡಿಯುವ ಕಾರು ಹೈಬ್ರಿಡ್. ಆ ಒಂದೇ ಹೆಸರಿನಲ್ಲಿ ನಮ್ಮ ಮಾರುಕಟ್ಟೆಗೆ ತೀರ ಬೇರೆ ಬೇರೆ ಯಂತ್ರಗಳು ಬಂದಿವೆ. ಆದ್ದರಿಂದ ಕಾರಿನ ಮಾತು ಆಮೇಲೆ, ಅಳತೆಗೋಲಿನ ಮಾತು ಮೊದಲು.

ಅಳೆಯುವುದು ಯಾವುದರಿಂದ

ಮೊದಲನೆಯದು ಬ್ರೇಕು. ಹೈಬ್ರಿಡ್ ಕಾರು ಎಲ್ಲಿಂದಲೋ ಹೊಸ ಶಕ್ತಿ ತರುವುದಿಲ್ಲ. ಸಾಮಾನ್ಯ ಕಾರು ಬ್ರೇಕ್ ಹಾಕಿದಾಗ ಡಿಸ್ಕು ಡ್ರಮ್ಮುಗಳ ಬಿಸಿಯಾಗಿ ಹಾಳಾಗುವ ಶಕ್ತಿಯಲ್ಲಿ ಒಂದಿಷ್ಟನ್ನು ಇದು ಮೋಟಾರಿನ ಮೂಲಕ ಬ್ಯಾಟರಿಗೆ ತುಂಬಿಕೊಂಡು, ಮತ್ತೆ ಹೊರಡುವಾಗ ಎಂಜಿನ್ನಿಗೆ ಕೈ ಜೋಡಿಸುತ್ತದೆ. ಅಂದರೆ ಬ್ರೇಕ್ ಹಾಕುವವನಿಗೇ ಇದರ ಲಾಭ. ಚನ್ನಮ್ಮ ವೃತ್ತದಿಂದ ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ ದಾಟಿ ಧಾರವಾಡದ ಜುಬಿಲಿ ವೃತ್ತದವರೆಗಿನ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ಎಷ್ಟು ಸಿಗ್ನಲ್ ಇವೆ ಎಂದು ಆ ದಾರಿಯವರಿಗೆ ಹೇಳಬೇಕಾಗಿಲ್ಲ. ಚಿಗರಿ ಬಸ್ಸುಗಳು ನಡುವಿನ ತಮ್ಮದೇ ದಾರಿಯಲ್ಲಿ ಸುಯ್ಯೆಂದು ಹೋಗುತ್ತಿರುತ್ತವೆ; ನಾವು ಪಕ್ಕದಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನೋಡುತ್ತಿರುತ್ತೇವೆ. ಹೈಬ್ರಿಡ್‌ಗೆ ಹೇಳಿ ಮಾಡಿಸಿದ ದಾರಿ ಅದು. ಅದೇ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಹಿಡಿದರೆ, ಅಥವಾ ಅಣ್ಣಿಗೇರಿ ಮೇಲೆ ಗದಗಿಗೆ ಎಂಬತ್ತರ ವೇಗದಲ್ಲಿ ಒಂದೇ ಸಮನೆ ಹೋದರೆ, ಮೋಟಾರು ಮತ್ತು ಬ್ಯಾಟರಿ ಹೆಚ್ಚು ಹೊತ್ತು ಡಿಕ್ಕಿಯಲ್ಲಿಟ್ಟ ಸಾಮಾನಿನಂತೆ ಸುಮ್ಮನೆ ಪ್ರಯಾಣ ಮಾಡುತ್ತವೆ.

ಎರಡನೆಯದು ತಿಂಗಳ ಓಟ. ಇದನ್ನು ಅಂದಾಜಿನಲ್ಲಿ ಹೇಳಬೇಡಿ. ಈಗಿರುವ ವಾಹನದ ಓಡೋಮೀಟರ್ ಇಂದು ಬರೆದಿಟ್ಟು ಮುಂದಿನ ತಿಂಗಳು ಇದೇ ದಿನ ನೋಡಿ. ನನಗೆ ಕರೆ ಮಾಡುವವರಲ್ಲಿ ಹೆಚ್ಚಿನವರು 'ತಿಂಗಳಿಗೆ ಎರಡು ಸಾವಿರ ಆರಾಮವಾಗಿ ಆಗುತ್ತದೆ' ಎನ್ನುತ್ತಾರೆ. ಬರೆದು ನೋಡಿದ ಮೇಲೆ ಅದು ಎಂಟುನೂರಕ್ಕೆ ಇಳಿದಿರುತ್ತದೆ.

ಮೂರನೆಯದು, ಹೈಬ್ರಿಡ್ ಎಷ್ಟು ಆಳಕ್ಕೆ ಹೈಬ್ರಿಡ್ ಎಂಬುದು. ಇದಕ್ಕೆ ನನ್ನದೊಂದು ಸುಲಭ ಉಪಾಯವಿದೆ: ಅದೇ ಕಾರಿನ ಸಾಮಾನ್ಯ ಮಾದರಿಯ ಅಂಕಿಯ ಪಕ್ಕಕ್ಕೆ ಹೈಬ್ರಿಡ್ ಮಾದರಿಯ ಅಂಕಿ ಇಟ್ಟು ನೋಡುವುದು. ಮಾರುತಿ ಸಿಯಾಜ್ ಡೀಸೆಲ್ 2014ರಲ್ಲಿ ಬಂದಾಗ ಕಂಪನಿ ಹೇಳಿದ್ದು ಲೀಟರಿಗೆ 26.21 ಕಿಲೋಮೀಟರ್, 2015ರ ಸೆಪ್ಟೆಂಬರಿನಲ್ಲಿ ಎಸ್‌ಎಚ್‌ವಿಎಸ್ ಎಂಬ ಹೈಬ್ರಿಡ್ ವ್ಯವಸ್ಥೆ ಸೇರಿದ ಮೇಲೆ 28.09. ಅಂದರೆ ಶೇಕಡಾ ಏಳರಷ್ಟು ಹೆಚ್ಚಳ. ಹೋಂಡಾ ಸಿಟಿಯ ಪೆಟ್ರೋಲ್ ಆಟೊಮ್ಯಾಟಿಕ್ 18.4 ಎಂದರೆ, 2022ರ ಮೇ ತಿಂಗಳಲ್ಲಿ ಬಂದ ಅದರ ಹೈಬ್ರಿಡ್ ಇ:ಎಚ್‌ಇವಿ 26.5. ಹೆಚ್ಚಳ ಶೇಕಡಾ ನಲವತ್ತನಾಲ್ಕು. ಹೆಸರು ಒಂದೇ; ಮೊದಲನೆಯದು ಚಿಟಿಕೆ ಉಪ್ಪು, ಎರಡನೆಯದು ಪೂರ್ತಿ ಊಟ.

ನಾಲ್ಕನೆಯದು, ಕೆಟ್ಟಾಗ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು. ಹುಬ್ಬಳ್ಳಿಯಲ್ಲಿ ಸಿಗದ ಬಿಡಿಭಾಗ ಹಾವೇರಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನಿಂದ ತರಿಸುವಷ್ಟು ದಿನ ಕಾರು ಬೇವಿನ ಮರದ ಕೆಳಗೆ ನಿಂತಿರುತ್ತದೆ. ಐದನೆಯದು ಕಾಗದಪತ್ರ, ಅಂದರೆ ನೋಂದಣಿಯ ಉಳಿದ ಆಯಸ್ಸು. ಡಿಕ್ಕಿ, ಏಸಿ, ರಸ್ತೆ ಉಬ್ಬು ಇವೆಲ್ಲ ಇದ್ದೇ ಇವೆ. ಅವುಗಳನ್ನು ಆಯಾ ಕಾರಿನ ಜೊತೆಗೇ ಹೇಳುತ್ತೇನೆ.

ಶೋರೂಮಿನ ಅಂಕಿಯ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಪ್ರಮಾಣೀಕೃತ ಮೈಲೇಜು ಪ್ರಯೋಗಾಲಯದ ಉರುಳೆಗಳ ಮೇಲೆ, ಏಸಿ ಬಂದ್ ಮಾಡಿ, 90 ಕಿಲೋಮೀಟರ್ ವೇಗ ಮೀರದಂತೆ ಓಡಿಸಿ ತೆಗೆದದ್ದು. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಏಸಿ ಬಂದ್ ಮಾಡಿಕೊಂಡು ಹೋಗುವವರು ಇದ್ದರೆ ಅವರಿಗೆ ನಮಸ್ಕಾರ. ಉಳಿದವರು ಆ ಅಂಕಿಯ ಮುಕ್ಕಾಲು ಪಾಲನ್ನು ಕೈಗೆ ಸಿಗುವ ಮೈಲೇಜು ಎಂದು ಹಿಡಿಯಿರಿ. ಇದು ಶಾಸ್ತ್ರವಲ್ಲ, ಮನೆ ಖರ್ಚಿನ ಲೆಕ್ಕಕ್ಕೆ ಸಾಕಾಗುವ ಕಟ್ಟಳೆ.

ಬೆಳ್ಳಿ ಬಣ್ಣದ ಸಿವಿಕ್

ಹಳೆಯ ಹೈಬ್ರಿಡ್ ಎಂದ ಕೂಡಲೇ ಬಲ್ಲವರಿಗೆ ನೆನಪಾಗುವುದು ಇದೇ. 2008ರಲ್ಲಿ ಜಪಾನಿನಿಂದ ಪೂರ್ತಿ ಸಿದ್ಧವಾಗಿಯೇ ಬಂದಿಳಿದ ಕಾರು. ಬೆಲೆ ಸುಮಾರು ಇಪ್ಪತ್ತೊಂದೂವರೆ ಲಕ್ಷ. ಆ ಬೆಲೆಗೆ ಗಿರಾಕಿಗಳು ಸಿಗದೆ ಅದೇ ವರ್ಷ ಎಂಟು ಲಕ್ಷದಷ್ಟು ಇಳಿಸಿ ಮಾರಿದರು. ಆಗ ಕೊಂಡವರು ಕಾರುಗಳ ಹುಚ್ಚಿದ್ದವರು. ಈಗ ಮಾರುತ್ತಿರುವವರು ಬ್ಯಾಟರಿಯ ದರ ಕೇಳಿಕೊಂಡು ಬಂದವರು.

ಒಳಗಿನ ವ್ಯವಸ್ಥೆ ಇಂದಿಗೂ ಸೊಗಸಾದದ್ದು. 1.3 ಲೀಟರಿನ ಪೆಟ್ರೋಲ್ ಎಂಜಿನ್, ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ರೊಟ್ಟಿಯಂತೆ ತೆಳುವಾದ ವಿದ್ಯುತ್ ಮೋಟಾರು, ಹಿಂದಿನ ಸೀಟಿನ ಬೆನ್ನಿಗೆ 158 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಆ ಪೆಟ್ಟಿಗೆಯಲ್ಲಿ 132 ಸಣ್ಣ ಕೋಶಗಳು ಸಾಲಾಗಿ ಕೂತಿವೆ. ಸಿಗ್ನಲ್‌ನಲ್ಲಿ ಎಂಜಿನ್ ನಿಂತರೂ ಏಸಿ ನಡೆಯಲೆಂದು ಬೆಲ್ಟಿನಿಂದಲೂ ವಿದ್ಯುತ್ತಿನಿಂದಲೂ ತಿರುಗಬಲ್ಲ ಕಂಪ್ರೆಸರ್ ಕೊಟ್ಟಿದ್ದಾರೆ. ಮುಂದೆ ಹೇಳುವ ಸಿಯಾಜಿನಲ್ಲಿ ಈ ಸುಖವಿಲ್ಲ.

ಮೈಲೇಜಿನ ವಿಷಯದಲ್ಲಿ ಈ ಕಾರಿನ ಕತೆ ಪಾಠದಂತಿದೆ. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಮೊದಲು ಇದಕ್ಕೆ ಸಿಕ್ಕ ಅಂಕಿ ಗ್ಯಾಲನ್ನಿಗೆ ಹತ್ತಿರಹತ್ತಿರ 50 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 21 ಕಿಲೋಮೀಟರ್. 2008ರ ಮಾದರಿಗಳಿಂದ ಪರೀಕ್ಷೆಯಲ್ಲಿ ಏಸಿ, ಚಳಿ, ಹೆಚ್ಚಿನ ವೇಗ ಇವನ್ನೂ ಸೇರಿಸಿದಾಗ ಅದೇ ಕಾರು 42 ಮೈಲಿಗೆ, ಸುಮಾರು 17.9 ಕಿಲೋಮೀಟರಿಗೆ ಇಳಿಯಿತು. ಕಾರು ಬದಲಾಗಲಿಲ್ಲ, ಅಳತೆ ಬದಲಾಯಿತು. ಮಾರುವವರು ಇಂದಿಗೂ ಇಪ್ಪತ್ತೊಂದು ಇಪ್ಪತ್ತೆರಡು ಎಂದು ಹೇಳುವುದು ಆ ಹಳೆಯ ಅಂಕಿಯ ನೆರಳಿನಲ್ಲಿ.

ಇನ್ನು ಈಗಿನ ಪೆಟ್ರೋಲು. ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಇಂಧನ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಲೀಟರಿಗೆ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಇದರಿಂದ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. 17.9ರಲ್ಲಿ ಅದನ್ನು ಕಳೆದರೆ ಹದಿನೇಳಕ್ಕಿಂತ ಕೆಳಗೆ. ಮುಪ್ಪಿನ ಬ್ಯಾಟರಿಯ ಪಾಲನ್ನೂ ಕಳೆದರೆ ಹದಿನೈದೂವರೆ ಉಳಿದರೆ ಪುಣ್ಯ. ಇಂಧನದ ರಬ್ಬರ್ ಕೊಳವೆಗಳನ್ನು ಬದಲಿಸುವ ಖರ್ಚು ಬೇರೆ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಇಂಥ ಒಂದು ಕಾರನ್ನು ಅರ್ಧ ದಿನ ಓಡಿಸಿದ್ದೆ. ಉಣಕಲ್ ಕೆರೆಯ ಬಳಿ ಹೊರಟಾಗ ಬ್ಯಾಟರಿಯ ಮಾಪಕದಲ್ಲಿ ಆರು ಗೆರೆ. ನೃಪತುಂಗ ಬೆಟ್ಟದ ಏರು ಶುರುವಾದಾಗ ಮೋಟಾರು ಎಂಜಿನ್ನಿಗೆ ಹೆಗಲು ಕೊಟ್ಟದ್ದು ಗೊತ್ತಾಯಿತು. ಸ್ಟೀರಿಂಗ್ ಮೇಲ್ಗಡೆಯ ವೇಗದ ಅಂಕಿ ನಲವತ್ತರಲ್ಲಿ ಹಾಯಾಗಿ ನಿಂತಿತ್ತು. ಎರಡನೆಯ ತಿರುವಿನಲ್ಲಿ ಆರು ಗೆರೆ ಇದ್ದದ್ದು ಒಮ್ಮೆಲೇ ಒಂದಕ್ಕೆ ಬಿತ್ತು. ಅಲ್ಲಿಗೆ ಮೋಟಾರಿನ ಸಹಾಯ ನಿಂತದ್ದಷ್ಟೇ ಅಲ್ಲ, ಬರಿದಾದ ಬ್ಯಾಟರಿಯನ್ನು ತುಂಬಲು ಎಂಜಿನ್ ಏರಿನ ಮೇಲೆಯೇ ಹೆಚ್ಚುವರಿ ದುಡಿಮೆಗೆ ಇಳಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ನಾನು ಕಾರಿನಲ್ಲಿ ಕೂತು ನೋಡಿದ್ದು ಅಂದೇ. 1.3 ಲೀಟರಿನ ಎಂಜಿನ್ ಒಬ್ಬಂಟಿಯಾಗಿ ಆ ಭಾರದ ಕಾರನ್ನು ಎಳೆಯುವಾಗ ಹಿಂದಿನಿಂದ ಬಂದ ಆಟೊದವರು ಹಾರ್ನ್ ಹೊಡೆದು ಮುಂದೆ ಹೋದರು. ಮಾಲೀಕರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಕೆಲವು ಕೋಶಗಳು ಸೊರಗಿದಾಗ ಆಗುವುದು ಇದೇ. ಹಾಗೆಂದು ಕಾರು ನಿಲ್ಲುವುದಿಲ್ಲ. ಓಡುತ್ತಲೇ ಇರುತ್ತದೆ, ಮೈಲೇಜು ಮಾತ್ರ ಸಾಮಾನ್ಯ ಪೆಟ್ರೋಲ್ ಕಾರಿನ ಮಟ್ಟಕ್ಕೆ ಇಳಿಯುತ್ತದೆ. ಬದಲಿ ಬ್ಯಾಟರಿ ಹೊರದೇಶದಿಂದ ಬರಬೇಕು. ಅದರ ದರವನ್ನೂ ಜೋಡಿಸಿಕೊಡುವವರ ಹೆಸರನ್ನೂ ಲಿಖಿತವಾಗಿ ಪಡೆಯದೆ ಮುಂಗಡದ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಗಿಲು, ದೀಪ, ಸಸ್ಪೆನ್ಷನ್ನಿನಂಥವು ಇಲ್ಲಿಯೇ ಜೋಡಣೆಯಾದ ಸಾಮಾನ್ಯ ಸಿವಿಕ್‌ನಿಂದ ಹೇಗೋ ಸಿಕ್ಕಾವು. ಹೈಬ್ರಿಡ್‌ನ ಪ್ರಾಣವಿರುವ ಭಾಗಗಳು ಸಿಗುವುದಿಲ್ಲ.

ಕಾಗದಪತ್ರದ ಕಡೆಗೆ ಬಂದರೆ, 2008ರ ಕಾರಿಗೆ 2023ರಲ್ಲೇ ಹದಿನೈದು ವರ್ಷ ತುಂಬಿದೆ. ನೋಂದಣಿ ನವೀಕರಣವಾಗಿದೆಯೇ ಎಂಬುದೇ ಮೊದಲ ಪ್ರಶ್ನೆ. ಆ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000 ರೂಪಾಯಿ, ಜೊತೆಗೆ ರಾಜ್ಯದ ಹಸಿರು ತೆರಿಗೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಈಗ 10,000. ಅಂದರೆ ಈ ಕಾರಿಗೆ 2028 ದೂರವಿಲ್ಲ. ನವೀಕರಿಸಿದರೂ ಸಿಗುವುದು ಐದೈದು ವರ್ಷವಷ್ಟೇ. ಕೊನೆಯದಾಗಿ, ಇದು ನೆಲಕ್ಕೆ ಹತ್ತಿರವಾಗಿ ಕೂರುವ ಕಾರು. ನಾಲ್ವರು ಕೂತು ಹಳ್ಳಿಯ ರಸ್ತೆ ಉಬ್ಬು ದಾಟಿದರೆ ಹೊಟ್ಟೆ ಉಜ್ಜುವ ಸದ್ದು ಎಲ್ಲರಿಗೂ ಕೇಳಿಸುತ್ತದೆ.

ಸಿಯಾಜ್ ಡೀಸೆಲ್

2015ರ ಕೊನೆಯಿಂದ 2019ರ ಆರಂಭದವರೆಗೆ ಮಾರಾಟವಾದ ಸಿಯಾಜ್ ಎಸ್‌ಎಚ್‌ವಿಎಸ್ ಡೀಸೆಲ್ ನನ್ನ ಮನೆಯಲ್ಲೂ ಇದೆ. ಆದ್ದರಿಂದ ಪಕ್ಷಪಾತದ ಎಚ್ಚರಿಕೆಯನ್ನು ಮೊದಲೇ ಕೊಡುತ್ತೇನೆ.

ಇದರಲ್ಲಿ ಹೈಬ್ರಿಡ್ ಎನ್ನುವುದು ಹೆಸರಿಗೆ ಹೆಚ್ಚು, ಕೆಲಸಕ್ಕೆ ಕಡಿಮೆ. ಬ್ಯಾಟರಿ ತುಂಬುವ ಆಲ್ಟರ್ನೇಟರಿನ ಜಾಗದಲ್ಲಿ ಸ್ಟಾರ್ಟರಿನ ಕೆಲಸವನ್ನೂ ಮಾಡುವ ಯಂತ್ರ, ಕೊಂಚ ದೊಡ್ಡ ಲೆಡ್ ಆಸಿಡ್ ಬ್ಯಾಟರಿ, ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ತಾನೇ ನಿಲ್ಲುವ ಎಂಜಿನ್. ವಿದ್ಯುತ್ತಿನಿಂದಲೇ ಒಂದು ಮೀಟರ್ ಕೂಡ ಓಡುವುದಿಲ್ಲ. ಎಂಜಿನ್ ನಿಂತಾಗ ಏಸಿಯ ಕಂಪ್ರೆಸರೂ ನಿಲ್ಲುತ್ತದೆ. ಮೇ ತಿಂಗಳಲ್ಲಿ ಉಣಕಲ್ ಸಿಗ್ನಲ್‌ನಲ್ಲಿ ಒಂದು ನಿಮಿಷದೊಳಗೆ ಗಾಳಿ ಬೆಚ್ಚಗಾಗುತ್ತದೆ, ಹಿಂದಿನ ಸೀಟಿನಿಂದ ಗೊಣಗಾಟ ಶುರುವಾಗುತ್ತದೆ, ಕೈ ತಾನಾಗಿ ಆ ವ್ಯವಸ್ಥೆಯನ್ನು ಬಂದ್ ಮಾಡುವ ಗುಂಡಿಯತ್ತ ಹೋಗುತ್ತದೆ. ಗುಂಡಿ ಒತ್ತಿದ ಮೇಲೆ ಅದು ಬಹುಮಟ್ಟಿಗೆ ಸಾಮಾನ್ಯ ಡೀಸೆಲ್ ಕಾರು.

ಆದರೆ ಆ ಸಾಮಾನ್ಯ ಡೀಸೆಲ್ಲೇ ಇದರ ಬಲ. ಫಿಯೆಟ್ ಮೂಲದ 1,248 ಸಿಸಿ ಎಂಜಿನ್, 90 ಅಶ್ವಶಕ್ತಿ. ಸ್ವಿಫ್ಟ್, ಡಿಸೈರ್‌ಗಳಲ್ಲಿ ಲಕ್ಷಗಟ್ಟಲೆ ಓಡಿದ ಎಂಜಿನ್ ಇದಾದ್ದರಿಂದ ಹುಬ್ಬಳ್ಳಿಯ ಗ್ಯಾರೇಜಿನ ಹುಡುಗರು ಕಣ್ಣು ಮುಚ್ಚಿ ಬಿಚ್ಚುತ್ತಾರೆ. ಲಕ್ಷ್ಮೇಶ್ವರದಲ್ಲಿ, ರಾಣೆಬೆನ್ನೂರಿನಲ್ಲಿ ಕೈಕೊಟ್ಟರೂ ದಾರಿಗಾಣುವಿರಿ. ಡಿಕ್ಕಿ 510 ಲೀಟರ್, ನೆಲದಿಂದ ಎತ್ತರ 170 ಮಿಲಿಮೀಟರ್. ಎಥನಾಲಿನ ತಲೆನೋವು ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಬಾರದೆಂಬ ದೆಹಲಿಯಂಥ ನಿಯಮ ನಮ್ಮ ಕಡೆ ಇಲ್ಲ. 2016ರ ಕಾರಿಗೆ 2031ರವರೆಗೆ ನೋಂದಣಿಯ ಚಿಂತೆಯೂ ಇಲ್ಲ.

ದೋಷಗಳಿಲ್ಲವೆಂದಲ್ಲ. ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಕೆಳಗೆ ಎಂಜಿನ್ನಿಗೆ ತೂಕಡಿಕೆ. ಸಿಗ್ನಲ್ ದಾರಿಯಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿದ ಕಾರುಗಳಲ್ಲಿ ಕ್ಲಚ್ ಬೇಗ ಸವೆದಿರುತ್ತದೆ. ಬ್ಯಾಟರಿಯದು ಇನ್ನೊಂದು ಕತೆ. ಒಂದು ಆಷಾಢದ ಬೆಳಗ್ಗೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನನ್ನ ಕಾರು ಟೋಲ್ ನಾಕಾದ ಹತ್ತಿರ ಉಸಿರು ಬಿಟ್ಟಿತು. ಹತ್ತಿರದ ಬ್ಯಾಟರಿ ಅಂಗಡಿಯವರು 'ಎಲ್ಲಾ ಒಂದೇ ಸಾರ್' ಎಂದು ಸಾಮಾನ್ಯ ಬ್ಯಾಟರಿ ಹಾಕಿ ಕಳಿಸಿದರು. ಕಾರು ಓಡಿತು. ಸಿಗ್ನಲ್‌ನಲ್ಲಿ ನಿಲ್ಲುವ ವ್ಯವಸ್ಥೆ ಮಾತ್ರ ಅಂದಿನಿಂದ ಮೌನ ಹಿಡಿಯಿತು. ಮತ್ತೆ ಸರಿಯಾದ ಬ್ಯಾಟರಿ ಹಾಕಿಸಲು ಎರಡನೆಯ ಸಲ ದುಡ್ಡು ತೆತ್ತೆ. ಕೊಳ್ಳುವಾಗ ಬಾನೆಟ್ ಎತ್ತಿ ಬ್ಯಾಟರಿಯ ಮೇಲೆ ಏನು ಬರೆದಿದೆ ಎಂದು ಓದಿ, ಕಂಪನಿಯ ಪಟ್ಟಿಯಲ್ಲಿರುವ ಬ್ಯಾಟರಿಯೇ ಹೌದೇ ಎಂದು ಕೇಳಿ. ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ ಡೀಸೆಲ್ ಜೊತೆ ಹೈಬ್ರಿಡ್ ಎಂದಿದೆಯೇ ಎಂಬುದನ್ನೂ ನೋಡಿ. ಹಿಂಭಾಗಕ್ಕೆ ಅಂಟಿಸುವ ಅಕ್ಷರಗಳು ಬಜಾರಿನಲ್ಲಿ ಸಿಗುತ್ತವೆ.

ಸಿಯಾಜ್ ಪೆಟ್ರೋಲ್

2018ರ ಆಗಸ್ಟಿನಲ್ಲಿ ಬಂದ 1.5 ಲೀಟರ್ ಪೆಟ್ರೋಲ್ ಮಾದರಿಯಲ್ಲಿ ಹೈಬ್ರಿಡ್ ಕೆಲಸಕ್ಕೆ ಪ್ರತ್ಯೇಕ ಸಣ್ಣ ಲಿಥಿಯಂ ಬ್ಯಾಟರಿ ಸೇರಿತು. ಕಂಪನಿಯ ಅಂಕಿ ಮೊದಲು 21.56, ಬಿಎಸ್6 ಎಂಬ ಹೊಗೆಯ ನಿಯಮ ಬಂದ ಮೇಲೆ 20.65. ನಮ್ಮ ಮುಕ್ಕಾಲರ ಕಟ್ಟಳೆಯಲ್ಲಿ ಹದಿನೈದೂವರೆ. ಗಮನಿಸಿ: ಇಪ್ಪತ್ತೊಂದು ಲಕ್ಷದ ಜಪಾನಿ ಸಿವಿಕ್ ಮುಪ್ಪಿನಲ್ಲಿ ಕೊಡುವಷ್ಟೇ ಮೈಲೇಜು ಇದು, ಬ್ಯಾಟರಿ ಪೆಟ್ಟಿಗೆಯ ಭಯವಿಲ್ಲದೆ.

ಮೆತ್ತಗಿನ ಎಂಜಿನ್, ಅದೇ ದೊಡ್ಡ ಡಿಕ್ಕಿ, ಹಿಂದಿನ ಸೀಟಿನಲ್ಲಿ ಕಾಲು ಚಾಚುವಷ್ಟು ಜಾಗ. ಆಟೊಮ್ಯಾಟಿಕ್ ಬೇಕಾದರೆ ನಾಲ್ಕು ಗೇರಿನ ಹಳೇ ಪದ್ಧತಿಯ ಗೇರ್‌ಬಾಕ್ಸ್ ಇದೆ, ಅವಸರವಿಲ್ಲದವರಿಗೆ ಸಾಕು. ಒಂದು ಎಚ್ಚರಿಕೆ ಮಾತ್ರ ಮುಖ್ಯ. 2019ರ ಜನವರಿಯಿಂದ ನವೆಂಬರ್ 21ರವರೆಗೆ ತಯಾರಾದ ಸಿಯಾಜ್, ಎರ್ಟಿಗಾ, ಎಕ್ಸ್‌ಎಲ್6 ಪೆಟ್ರೋಲ್ ಹೈಬ್ರಿಡ್‌ಗಳಲ್ಲಿ 63,493 ಕಾರುಗಳನ್ನು ಮೋಟಾರ್ ಜನರೇಟರ್ ತಪಾಸಣೆಗಾಗಿ ಕಂಪನಿ ವಾಪಸು ಕರೆದಿತ್ತು. ನೀವು ನೋಡುತ್ತಿರುವ ಕಾರು ಆ ಅವಧಿಯದಾಗಿದ್ದರೆ ಅದರ ಚಾಸಿ ಸಂಖ್ಯೆ ಕೊಟ್ಟು, ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ. ಸಿಯಾಜ್ ಉತ್ಪಾದನೆ 2025ರಲ್ಲಿ ನಿಂತಿದೆ ಎಂದು ಹೆದರಿಸುವವರಿದ್ದಾರೆ. ಅದೇ ಎಂಜಿನ್ ಊರ ತುಂಬ ಎರ್ಟಿಗಾಗಳಲ್ಲಿ ಓಡುತ್ತಿರುವವರೆಗೆ ನನಗೆ ಆ ಹೆದರಿಕೆ ಇಲ್ಲ.

ಸಿಟಿ ಇ:ಎಚ್‌ಇವಿ

ಇದನ್ನು ಹಳೆಯದೆಂದು ಕರೆಯುವುದು ಕಷ್ಟ, ಆದರೆ 2022ರ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಅಂಗಳಕ್ಕೆ ಬರುತ್ತಿವೆ. ಇಲ್ಲಿ ಹೈಬ್ರಿಡ್ ನಿಜವಾದ ಹೈಬ್ರಿಡ್. ಊರೊಳಗೆ ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು. ಎಂಜಿನ್ ಹೆಚ್ಚಾಗಿ ಜನರೇಟರಿನಂತೆ ದುಡಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಬೆಸೆಯುತ್ತದೆ. ಆದ್ದರಿಂದ ಇದು ಹೆದ್ದಾರಿಗಿಂತ ಸಂತೆಬೀದಿಯಲ್ಲಿ ಜಾಣ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಇರುವುದರಿಂದ 2022ರ ಕಾರು 2030ರವರೆಗೆ ನಿಶ್ಚಿಂತೆ. ಡಿಕ್ಕಿ ಮಾತ್ರ ಸಾಮಾನ್ಯ ಸಿಟಿಯ 506 ಲೀಟರಿನಿಂದ 306ಕ್ಕೆ ಕುಗ್ಗಿದೆ. ಮದುವೆ ಸೀಸನ್ನಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಇಟ್ಟರೆ ಪೇಢೆಯ ಡಬ್ಬಿಗಳು ತೊಡೆಯ ಮೇಲೆ.

ಅವಳಿ ನಗರದಲ್ಲಿ ಸಿಎನ್‌ಜಿ ಸಿಗುತ್ತಿರುವುದರಿಂದ 'ಅದೇ ಅಗ್ಗವಲ್ಲವೇ' ಎನ್ನುವವರಿಗೂ ಉತ್ತರಿಸಬೇಕು. ಓಟದ ಖರ್ಚಿನಲ್ಲಿ ಅಗ್ಗವೇ, ಡಿಕ್ಕಿಯಲ್ಲಿ ಸಿಲಿಂಡರ್ ಕೂರುತ್ತದೆ, ಬಂಕಿನಲ್ಲಿ ಸಾಲು ನಿಲ್ಲಬೇಕು. ಅದು ಬೇರೆಯೇ ಲೇಖನದ ವಿಷಯ.

ರೂಪಾಯಿಯಲ್ಲಿ ಹೇಳಿ ಎಂದರೆ

ಲೆಕ್ಕಕ್ಕೆ ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ವರ್ಷದ ಇಂಧನ ಖರ್ಚು ಸಿಯಾಜ್ ಡೀಸೆಲ್‌ಗೆ (ಲೀಟರಿಗೆ 21) ಸುಮಾರು 52,000 ರೂಪಾಯಿ. ಸಿಟಿ ಹೈಬ್ರಿಡ್‌ಗೆ (20) 61,800. ಸಿಯಾಜ್ ಪೆಟ್ರೋಲ್‌ಗೂ ಹಳೆಯ ಸಿವಿಕ್‌ಗೂ (15.5) 79,700. ಹದಿಮೂರು ಕೊಡುವ ಯಾವುದೋ ಸಾಮಾನ್ಯ ಪೆಟ್ರೋಲ್ ಸೆಡಾನ್‌ಗೆ 95,000.

ಈಗ ಸಿಯಾಜ್ ಪೆಟ್ರೋಲ್‌ಗೂ ಸಿಟಿ ಹೈಬ್ರಿಡ್‌ಗೂ ಇರುವ ಅಂತರ ನೋಡಿ: ವರ್ಷಕ್ಕೆ ಹದಿನೆಂಟು ಸಾವಿರ. ಎರಡರ ಸೆಕೆಂಡ್ ಹ್ಯಾಂಡ್ ಬೆಲೆಯಲ್ಲಿ ಆರು ಲಕ್ಷದ ವ್ಯತ್ಯಾಸವಿದ್ದರೆ ಅದು ವಸೂಲಾಗಲು ಮೂವತ್ತಮೂರು ವರ್ಷ ಬೇಕು. ಅಷ್ಟರಲ್ಲಿ ಕಾರೂ ಇರುವುದಿಲ್ಲ, ಬಹುಶಃ ಪೆಟ್ರೋಲೂ ಇರುವುದಿಲ್ಲ. ಸಿಟಿ ಹೈಬ್ರಿಡ್ ಕೊಳ್ಳುವವರು ಉಳಿತಾಯಕ್ಕೆಂದು ಕೊಳ್ಳುತ್ತಿದ್ದೇನೆ ಎಂದು ಮನೆಯವರನ್ನು ನಂಬಿಸಬಹುದು, ತಮ್ಮನ್ನು ತಾವು ನಂಬಿಸಿಕೊಳ್ಳಬಾರದು. ಅದನ್ನು ಕೊಳ್ಳಬೇಕಾದದ್ದು ಸದ್ದಿಲ್ಲದ ಓಟಕ್ಕೆ, ಎಡಗಾಲಿನ ವಿಶ್ರಾಂತಿಗೆ.

ಕಲ್ಯಾಣನಗರದ ದಂಪತಿಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ, ಜೇಬು ಒಪ್ಪಿದರೆ. ದಿನಕ್ಕೆ ನಲವತ್ತೈದು ಕಿಲೋಮೀಟರ್, ಬಹುಪಾಲು ಸಿಗ್ನಲ್ ದಾರಿ. ಮುಕ್ಕಾಲರ ಕಟ್ಟಳೆಗಿಂತ ಹೆಚ್ಚು ಮೈಲೇಜು ಅವರಿಗೆ ದಕ್ಕುತ್ತದೆ. ಇಪ್ಪತ್ತೆರಡು ಸಿಕ್ಕರೂ ವರ್ಷದ ಖರ್ಚು ಡೀಸೆಲ್ ಸಿಯಾಜ್‌ನ ಆಸುಪಾಸಿಗೆ ಬರುತ್ತದೆ, ಕ್ಲಚ್ ತುಳಿಯುವ ಕಷ್ಟವಿಲ್ಲದೆ. ಬಜೆಟ್ ಅರ್ಧದಷ್ಟೇ ಇದ್ದರೆ ಸಿಯಾಜ್ ಪೆಟ್ರೋಲ್ ಆಟೊಮ್ಯಾಟಿಕ್ ನೋಡಲಿ, ಇಂಧನದ ಖರ್ಚು ಹೆಚ್ಚೆಂದು ಮೊದಲೇ ಒಪ್ಪಿಕೊಂಡು. ಬೈಪಾಸ್ ಹಿಡಿಯುವ ಅಭ್ಯಾಸವಿದ್ದರೆ ಈ ಸಲಹೆ ತಲೆಕೆಳಗು; ಆಗ ಡೀಸೆಲ್ಲೇ.

ಗದಗಿನ ವ್ಯಾಪಾರಿಗೆ ನಾನು ಹೆಚ್ಚು ಯೋಚಿಸಲಿಲ್ಲ. ಹೋಗಿಬರಲು ನೂರಹದಿನೈದು ಕಿಲೋಮೀಟರ್, ವಾರಕ್ಕೆ ಮೂರು ಸಲ, ಮೇಲೆ ಊರೊಳಗಿನ ಓಡಾಟ. ತಿಂಗಳಿಗೆ ಸಾವಿರದ ಎಂಟುನೂರರ ಹತ್ತಿರ. ಡಿಕ್ಕಿಯಲ್ಲಿ ಬಟ್ಟೆಯ ಗಂಟು. ಬ್ರೇಕ್ ಮುಟ್ಟುವುದು ಅಣ್ಣಿಗೇರಿಯಲ್ಲಿ ಒಂದೆರಡು ಸಲ. ಅವರಿಗೆ ಡೀಸೆಲ್ ಸಿಯಾಜ್. ಪೆಟ್ರೋಲ್ ಸಿಯಾಜ್‌ಗೆ ಹೋಲಿಸಿದರೆ ವರ್ಷಕ್ಕೆ ಐವತ್ತು ಸಾವಿರದಷ್ಟು ಕೈಯಲ್ಲಿ ಉಳಿಯುತ್ತದೆ. ಅದರಲ್ಲಿ ಎಸ್‌ಎಚ್‌ವಿಎಸ್ ಅಕ್ಷರಗಳಿಲ್ಲದ 2014ರ ಮಾದರಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ಬಿಡಬೇಡಿ ಎಂದೆ. ಆ ದಾರಿಗೆ ಹೈಬ್ರಿಡ್ ಅಲಂಕಾರವಷ್ಟೇ.

ನೋಡುವ ದಿನ

ಯಾವುದನ್ನೇ ಆರಿಸಿದರೂ, ಮಾರುವವರು 'ನೀವೇ ಓಡಿಸಿ ಮೈಲೇಜು ನೋಡಿ' ಎಂದರೆ ದಾರಿಯನ್ನು ನೀವು ಆರಿಸಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಇಳಿಯುವಾಗ ಪರದೆಯ ಮೇಲಿನ ಅಂಕಿ ಎಲ್ಲ ಕಾರಿನಲ್ಲೂ ಚೆಂದವಾಗಿ ಕಾಣುತ್ತದೆ; ಹತ್ತುವಾಗ ನಿಜ ಹೊರಬೀಳುತ್ತದೆ. ಹೋಗಿಬರುವುದು ಎರಡನ್ನೂ ಅಳೆಯಿರಿ. ಪರದೆಯನ್ನು ನಂಬಬೇಡಿ: ಒಂದು ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಓಡಿಸಿ, ಅದೇ ಬಂಕಿನ ಅದೇ ನಳಿಕೆಯಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ ಲೀಟರ್ ಎಣಿಸಿ. ಐವತ್ತು ಕಿಲೋಮೀಟರಿಗಿಂತ ಕಡಿಮೆ ಓಡಿಸಿದ ಲೆಕ್ಕಕ್ಕೆ ಬೆಲೆ ಇಲ್ಲ. ಏಸಿ ಹಾಕಿಯೇ ಇರಲಿ. ಹಳೆಯ ಸಿವಿಕ್ ಆದರೆ ನೃಪತುಂಗ ಬೆಟ್ಟವನ್ನು ಎರಡು ಸಲ ಹತ್ತಿಸಿ. ಮೊದಲ ಸಲ ಬ್ಯಾಟರಿಯ ಗೆರೆಗಳು ಮಾನ ಉಳಿಸಿದರೂ ಎರಡನೆಯ ಸಲ ಬಾಯಿ ಬಿಡುತ್ತವೆ. ಹಿಂದಿನ ಸೀಟಿನ ಬೆನ್ನಿನ ಬ್ಯಾಟರಿಗೆ ತಂಪು ಗಾಳಿ ಹೋಗುವುದು ಕಾರಿನ ಒಳಗಿನಿಂದಲೇ. ಆ ಜಾಲರಿಗೆ ಧೂಳು ಮೆತ್ತಿದೆಯೇ, ಮೇಲೆ ದಿಂಬು ಚಾದರ ಪೇರಿಸಿ ಮುಚ್ಚಿದ್ದರೇ ಎಂದು ಕೈಯಿಟ್ಟು ನೋಡಿ.

ಹಾವೇರಿಯ ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ: ತಿಂಗಳಿಗೆ ನಾನೂರು ಕಿಲೋಮೀಟರಿಗೆ ಸಿಯಾಜ್ ಪೆಟ್ರೋಲ್‌ನ ವರ್ಷದ ಖರ್ಚು ಮೂವತ್ತೆರಡು ಸಾವಿರ; ಜಗತ್ತಿನ ಅತ್ಯುತ್ತಮ ಹೈಬ್ರಿಡ್ ತಂದರೂ ಉಳಿಯುವುದು ಏಳೆಂಟು ಸಾವಿರ. ಅವರು ಒಂದು ಭಾನುವಾರ ಬೆಂಗಳೂರಿಗೆ ಹೋಗಿ ಆ ಬೆಳ್ಳಿ ಬಣ್ಣದ ಸಿವಿಕ್ ಅನ್ನು ಮೇಲ್ಸೇತುವೆಯೊಂದರ ಮೇಲೆ ಎರಡು ಸಲ ಹತ್ತಿಸಿದರಂತೆ. ಗೆರೆಗಳು ಅಲುಗಲಿಲ್ಲ, ಬ್ಯಾಟರಿ ಚೆನ್ನಾಗಿಯೇ ಇತ್ತು. ಆರ್‌ಸಿ ಕೇಳಿದಾಗ ನವೀಕರಣವೇ ಆಗಿರಲಿಲ್ಲ. ಈಗ ಅವರು ಶಿಗ್ಗಾಂವಿಯಲ್ಲಿ ಒಂದು 2019ರ ಸಿಯಾಜ್ ನೋಡಿದ್ದಾರೆ. ಮೊನ್ನೆ ಅದರ ಚಾಸಿ ಸಂಖ್ಯೆ ಕಳಿಸಿದ್ದಾರೆ.